ಕಣ್ಣಿನ ಲೇಸರ್: ತೆಗೆದ ಮೇಲೆ ಉಳಿಯುವುದು

ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಿಸಿಲ ಸೀಮೆಯಲ್ಲಿ ಚಸ್ಮಾ ಹಾಕಿಕೊಂಡವರ ಪಾಡು ಬೇರೆಯೇ. ಏಪ್ರಿಲ್ ಬಂತೆಂದರೆ ಬೆವರಿಗೆ ಮೂಗಿನಿಂದ ಜಾರುತ್ತದೆ. ಸಂಡೂರಿನ ಕಡೆ ಬೈಕ್ ಓಡಿಸಿದರೆ ಗಾಜಿನ ಮೇಲೆ ಕೆಂಪು ದೂಳು ಕೂರುತ್ತದೆ. ಅಂಗಿಯ ಚುಂಗಿನಿಂದ ಒರೆಸಿದ್ದೇ ತಡ, ಗಾಜಿನ ತುಂಬ ಗೀರು. ಇದರ ಮೇಲೆ ಮದುವೆ ಮಾತುಕತೆ, ನೌಕರಿಯ ಮೆಡಿಕಲ್ ಟೆಸ್ಟ್ ಬಂದರಂತೂ ಮನೆಯಲ್ಲಿ ಒಂದೇ ಮಾತು: ‘ಲೇಸರ್ ಮಾಡಿಸಿ ನಂಬರ್ ತೆಗೆಸಿಬಿಡು.’

ಆ ‘ತೆಗೆಸು’ ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಲೇಸರ್ ತೆಗೆಯುವುದು ಕಾರ್ನಿಯಾವನ್ನು, ಅಂದರೆ ಕಣ್ಣಿನ ಕರಿಗುಡ್ಡೆಯ ಮೇಲಿರುವ ಗಾಜಿನಂಥ ಪಾರದರ್ಶಕ ಪದರವನ್ನು. ಅದರ ಮೇಲ್ಚರ್ಮ ತರಚಿದರೆ ನಾಲ್ಕೈದು ದಿನದಲ್ಲಿ ಮತ್ತೆ ಬೆಳೆಯುತ್ತದೆ. ಅದರ ಕೆಳಗಿನ ಗಟ್ಟಿ ಭಾಗ ಒಮ್ಮೆ ಹೋದರೆ ಹೋಯಿತು, ಮತ್ತೆ ಬರುವುದಿಲ್ಲ. ಲೇಸರ್ ಕೆಲಸ ಮಾಡುವುದು ಆ ಗಟ್ಟಿ ಭಾಗದ ಮೇಲೆ. ಹಾಗಾಗಿ ಎಷ್ಟು ನಂಬರ್ ಹೋಗುತ್ತದೆ ಎಂದು ಕೇಳುವ ಮೊದಲು ಎಷ್ಟು ಕಾರ್ನಿಯಾ ಉಳಿಯುತ್ತದೆ ಎಂದು ಕೇಳಬೇಕು.

ಕಣ್ಣಿಗೆ ಬಿದ್ದ ಬೆಳಕನ್ನು ಒಂದೆಡೆ ಕೂಡಿಸುವ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್; ಚಸ್ಮಾದ ನಂಬರನ್ನು ಅಳೆಯುವುದೂ ಇದೇ ಮಾನದಲ್ಲಿ. ಅದರಲ್ಲಿ 43ರಷ್ಟು ಕಾರ್ನಿಯಾದ್ದೇ. ಮೈನಸ್ ನಂಬರ್ ಇರುವವರಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ತುಸು ಉದ್ದ ಬೆಳೆದಿರುತ್ತದೆ. ಬೆಳಕು ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ ಮುಟ್ಟುವ ಮೊದಲೇ ಕೂಡಿಬಿಡುವುದರಿಂದ ದೂರದ್ದು ಮಂಜಾಗುತ್ತದೆ. ಕಾರ್ನಿಯಾದ ನಡುಭಾಗವನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಅದರ ಶಕ್ತಿ ಇಳಿದು ಬೆಳಕು ರೆಟಿನಾದವರೆಗೆ ಹೋಗಿ ಕೂಡುತ್ತದೆ. ಲೇಸರ್ ಮಾಡುವುದು ಇಷ್ಟೇ. ಕಣ್ಣುಗುಡ್ಡೆಯ ಉದ್ದ ಮಾತ್ರ ಹಾಗೇ ಉಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಲೇಸರ್‌ನಿಂದ ಕಣ್ಣು ಸುಡುತ್ತಾರಂತೆ’ ಎಂಬ ಭಯ ಹಿರಿಯರಲ್ಲಿ ಇನ್ನೂ ಇದೆ. ಈ ಕೆಲಸಕ್ಕೆ ಬಳಸುವ ಎಕ್ಸೈಮರ್ ಲೇಸರ್ 193 ನ್ಯಾನೋಮೀಟರ್ ತರಂಗದ ನೇರಳಾತೀತ ಕಿರಣ. ಅದು ಜೀವಕೋಶದ ರಾಸಾಯನಿಕ ಬೆಸುಗೆಯನ್ನೇ ಬಿಡಿಸಿ ಆವಿ ಮಾಡುತ್ತದೆ, ಅಕ್ಕಪಕ್ಕದ್ದಕ್ಕೆ ಬಿಸಿ ತಟ್ಟಿಸುವುದಿಲ್ಲ. ಇದನ್ನು ಮೊದಲು ಗುರುತಿಸಿದವರಲ್ಲಿ ಮುಖ್ಯರು ಮದ್ರಾಸಿನಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್. 1981ರ ನವೆಂಬರ್‌ನಲ್ಲಿ, ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ ಅವರು ಈ ಕಿರಣ ಬಿಟ್ಟು ನೋಡಿದರು. ಅಂಚು ಕರಕಲಾಗದೆ ನಾಜೂಕಾಗಿ ಕತ್ತರಿಸಿತ್ತು. ಒಂದು ಹೊಡೆತಕ್ಕೆ ಹೋಗುವುದು ಮೈಕ್ರಾನಿನ ಕಾಲು ಭಾಗದಷ್ಟು; ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರಾನ್. ನಂಬರ್ ತೆಗೆಸಲು ಇವತ್ತು ಮಾಡುವ ಲ್ಯಾಸಿಕ್ ಎಂಬ ಲೇಸರ್ ಆಪರೇಷನ್ ನಿಂತಿರುವುದು ಆ ನಾಜೂಕಿನ ಮೇಲೆ.

ಇನ್ನು ಲೆಕ್ಕ. ನಮ್ಮವರ ಕಾರ್ನಿಯಾ ನಡುಭಾಗದಲ್ಲಿ ಹೆಚ್ಚುಕಡಿಮೆ 520ರಿಂದ 540 ಮೈಕ್ರಾನ್ ದಪ್ಪ, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ಎಷ್ಟು ತೆಗೆಯಬೇಕಾಗುತ್ತದೆ ಎಂಬುದಕ್ಕೆ ಒಂದು ಅಂದಾಜು ಸೂತ್ರವಿದೆ. ಲೇಸರ್ ಮಾಡುವ ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 3ರಿಂದ ಭಾಗಿಸಿದರೆ ಒಂದು ನಂಬರಿಗೆ ಎಷ್ಟು ಮೈಕ್ರಾನ್ ಎಂದು ಸಿಗುತ್ತದೆ. 6.5 ಮಿಲಿಮೀಟರ್ ವೃತ್ತಕ್ಕೆ ಅದು ಸುಮಾರು 14. ಮೈನಸ್ 5 ಇದ್ದರೆ 70 ಮೈಕ್ರಾನ್, ಒಂದು ತಲೆಗೂದಲಿನ ದಪ್ಪ. ಲ್ಯಾಸಿಕ್‌ನಲ್ಲಿ ಇದಕ್ಕೂ ಮೊದಲು 110 ಮೈಕ್ರಾನಿನಷ್ಟು ತೆಳುವಾದ ಒಂದು ಮುಚ್ಚಳ ಎತ್ತುತ್ತಾರೆ. ಅದನ್ನು ‘ಫ್ಲ್ಯಾಪ್’ ಅನ್ನುತ್ತಾರೆ. ಆಮೇಲೆ ಅದನ್ನು ವಾಪಸ್ ಕೂರಿಸಿದರೂ ಕಣ್ಣೊಳಗಿನ ಒತ್ತಡ ತಡೆಯುವ ಬಲ ಅದಕ್ಕೆ ಮೊದಲಿನಂತೆ ಬರುವುದಿಲ್ಲ. ಆದ್ದರಿಂದ ಅದನ್ನೂ ಕಳೆಯಬೇಕು. 530ರಲ್ಲಿ 110 ಕಳೆದು, 70 ಕಳೆದರೆ ಉಳಿದದ್ದು 350. ಇದು ನೆಮ್ಮದಿಯ ಲೆಕ್ಕ.

ಈಗ ಮೈನಸ್ 9 ನಂಬರಿನ, 490 ಮೈಕ್ರಾನ್ ಕಾರ್ನಿಯಾದ ಒಬ್ಬರನ್ನು ಊಹಿಸಿಕೊಳ್ಳಿ. 9ಕ್ಕೆ 127 ಮೈಕ್ರಾನ್, ಫ್ಲ್ಯಾಪ್ 110, ಉಳಿದದ್ದು 253. ಕಡೇಪಕ್ಷ 250 ಉಳಿಯಬೇಕು ಎಂಬುದು ಹಳೆಯ ಗೆರೆ. ಈಗ ಹಲವು ವೈದ್ಯರು 280, 300 ಉಳಿಯಲಿ ಅನ್ನುತ್ತಾರೆ. ಫ್ಲ್ಯಾಪು, ಲೇಸರ್ ಎರಡೂ ಸೇರಿ ಒಟ್ಟು ದಪ್ಪದ ಶೇ 40 ದಾಟಬಾರದು ಎಂಬ ಇನ್ನೊಂದು ಗೆರೆಯೂ ಇದೆ. ಇಲ್ಲಿ ಅದು ಶೇ 48. ವೃತ್ತವನ್ನು 6 ಮಿಲಿಮೀಟರಿಗೆ ಇಳಿಸಿದರೆ 108 ಮೈಕ್ರಾನ್ ಸಾಕು, 272 ಉಳಿಯುತ್ತದೆ. ಆದರೆ ರಾತ್ರಿ ಕಣ್ಣಿನ ಪಾಪೆ ಆ ವೃತ್ತಕ್ಕಿಂತ ದೊಡ್ಡದಾಗಿ ತೆರೆದರೆ ಎದುರು ಬರುವ ಲಾರಿಯ ಹೆಡ್‌ಲೈಟ್ ಸುತ್ತ ಬೆಳಕಿನ ಬಳೆ ಕಾಣಿಸುತ್ತದೆ. ಒಂದನ್ನು ಉಳಿಸಲು ಹೋದರೆ ಇನ್ನೊಂದು ಕೈಕೊಡುತ್ತದೆ. ಇಂಥ ಕಣ್ಣಿಗೆ ಲ್ಯಾಸಿಕ್ ಬೇಡ ಎಂದ ವೈದ್ಯರು ಒಳ್ಳೆಯ ಕೆಲಸ ಮಾಡಿದ್ದಾರೆಂದೇ ತಿಳಿಯಬೇಕು. ‘ಆಗಲ್ಲ ಅಂದ್ರು’ ಎಂದು ಬೇಜಾರಾಗಿ, ‘ಆಗ್ತದೆ’ ಅನ್ನುವ ಕಡೆ ಹುಡುಕಿಕೊಂಡು ಹೋಗಬೇಡಿ. ದೊಡ್ಡ ನಂಬರಿಗೆ ಐಸಿಎಲ್ ಎಂಬ ದಾರಿ ಇದೆ. ಕಾರ್ನಿಯಾವನ್ನು ಸವೆಸದೆ, ಕಣ್ಣೊಳಗಿನ ಸ್ವಂತ ಮಸೂರದ ಮುಂದೆ ಒಂದು ತೆಳು ಲೆನ್ಸ್ ಇಡುತ್ತಾರೆ. ಅದಕ್ಕೂ ತನ್ನದೇ ಅಪಾಯಗಳಿವೆ, ಆದರೆ ಬೇಕಾದರೆ ಅದನ್ನು ತೆಗೆಯಬಹುದು.

ಕಾರ್ನಿಯಾ ಕಡಿಮೆ ಉಳಿದರೆ ಏನಾಗುತ್ತದೆ? ಒಳಗಿನ ಒತ್ತಡಕ್ಕೆ ತೆಳುವಾದ ಜಾಗ ಮುಂದಕ್ಕೆ ಉಬ್ಬುತ್ತದೆ. ಇದಕ್ಕೆ ಎಕ್ಟೇಷಿಯಾ ಎನ್ನುತ್ತಾರೆ. ಮಾರನೇ ದಿನವೇ ಗೊತ್ತಾಗುವಂಥದ್ದಲ್ಲ. ತಿಂಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ನೋಟ ಮತ್ತೆ ಕದಡುತ್ತದೆ, ಕಾರ್ನಿಯಾದ ಡೊಂಕು ಎಲ್ಲ ಕಡೆ ಸಮನಾಗಿಲ್ಲದ್ದನ್ನು ತೋರಿಸುವ ಸಿಲಿಂಡರ್ ನಂಬರ್ ಏರುತ್ತ ಹೋಗುತ್ತದೆ. ಆಗ ಚಸ್ಮಾದಿಂದಲೂ ಸರಿಯಾಗಿ ಕಾಣುವುದಿಲ್ಲ. ಕೆಲವರ ಕಾರ್ನಿಯಾ ಆಪರೇಷನ್‌ಗೆ ಮೊದಲೇ ಹೀಗೆ ಉಬ್ಬಲು ಶುರುವಾಗಿರುತ್ತದೆ. ಅದು ಕೆರಟೊಕೋನಸ್. ನಮ್ಮ ಕಡೆ ಇದನ್ನು ಒತ್ತಿ ಹೇಳಲೇಬೇಕು. ಬಿಸಿಲು, ದೂಳಿನ ನಾಡಿನಲ್ಲಿ ಮಕ್ಕಳಿಗೆ ಅಲರ್ಜಿಯ ಕಣ್ಣುತುರಿಕೆ ಜಾಸ್ತಿ. ಬೇಸಿಗೆ ಬಂದರೆ ಬೆರಳಿನ ಗೆಣ್ಣಿನಿಂದ ಗಸಗಸ ಉಜ್ಜುತ್ತಲೇ ಇರುತ್ತವೆ. ವರ್ಷಗಟ್ಟಲೆ ಹಾಗೆ ಉಜ್ಜಿದ ಕಣ್ಣಿನಲ್ಲಿ ಕೆರಟೊಕೋನಸ್ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಚಿಕ್ಕವರಿದ್ದಾಗ ಕಣ್ಣು ತುರಿಸುತ್ತಿತ್ತೇ, ಸಿಲಿಂಡರ್ ನಂಬರ್ ವರ್ಷವರ್ಷ ಏರಿದೆಯೇ, ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದೆಯೇ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಇದನ್ನು ಹಿಡಿಯುವ ಪರೀಕ್ಷೆ ಕಾರ್ನಿಯಾದ ನಕ್ಷೆ ತೆಗೆಯುವುದು: ಟೋಪೋಗ್ರಫಿ, ಟೋಮೋಗ್ರಫಿ. ಪೆಂಟಾಕ್ಯಾಮ್‌ನಂಥ ಯಂತ್ರ ಕಾರ್ನಿಯಾದ ಮುಂಭಾಗವಷ್ಟೇ ಅಲ್ಲದೆ ಹಿಂಭಾಗದ ಉಬ್ಬುತಗ್ಗನ್ನೂ ಅಳೆಯುತ್ತದೆ. ಉಬ್ಬು ಬಹಳ ಸಲ ಹಿಂಭಾಗದಲ್ಲೇ ಮೊದಲು ಕಾಣುವುದು. ದಪ್ಪ ಮಾತ್ರ ಅಳೆದು ‘ಸರಿ ಇದೆ, ನಾಳೆ ಬನ್ನಿ’ ಎಂದರೆ ಒಪ್ಪಬೇಡಿ. ಈ ನಕ್ಷೆ ನಂಬಿಕಸ್ಥವಾಗಿರಬೇಕಾದರೆ ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟಿರಬೇಕು. ಲೆನ್ಸ್ ಒತ್ತಿ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ. ಆ ತಪ್ಪು ಆಕಾರದ ಮೇಲೆ ಲೇಸರ್ ಮಾಡಿದರೆ ಫಲವೂ ತಪ್ಪು. ಸಾಫ್ಟ್ ಲೆನ್ಸ್ ಒಂದೆರಡು ವಾರ, ಸಿಲಿಂಡರ್‌ಗೆ ಹಾಕುವ ಟೋರಿಕ್ ಲೆನ್ಸ್ 2 ವಾರ, ಗಟ್ಟಿ ಆರ್‌ಜಿಪಿ ಲೆನ್ಸ್ ಕನಿಷ್ಠ 3ರಿಂದ 4 ವಾರ ಬಿಡಬೇಕು. ಮದುವೆಗೆ 10 ದಿನ ಇರುವಾಗ ಆಸ್ಪತ್ರೆಗೆ ಓಡುವವರಿಗೆ ಇಲ್ಲೇ ಲೆಕ್ಕ ತಪ್ಪುವುದು.

ವಯಸ್ಸು 18 ಆಗಿರಬೇಕು, ಒಂದು ವರ್ಷದಿಂದ ನಂಬರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. ಹಳೆಯ ಚಸ್ಮಾದ ಚೀಟಿ ಒಯ್ಯಿರಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕಾಯಬೇಕು, ಆ ಸಮಯದಲ್ಲಿ ನಂಬರೂ ಏರುಪೇರು, ಔಷಧವೂ ತೊಡಕು. ಹಿಡಿತಕ್ಕೆ ಬರದ ಸಕ್ಕರೆ ಕಾಯಿಲೆ, ಸಂಧಿವಾತ, ಲೂಪಸ್‌ನಂಥ ಕಾಯಿಲೆ, ಕಣ್ಣಿಗೆ ಹಿಂದೆ ಹರ್ಪಿಸ್ ವೈರಸ್ಸಿನ ಸೋಂಕು ಆಗಿದ್ದು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವುದು, ಇವೆಲ್ಲ ಮುಚ್ಚಿಡುವ ವಿಷಯಗಳಲ್ಲ. ಆ ಮೊಡವೆ ಮಾತ್ರೆ ಕಣ್ಣನ್ನು ಚೆನ್ನಾಗಿಯೇ ಒಣಗಿಸುತ್ತದೆ. ಹುಡುಗಿಯರು ಅದನ್ನು ‘ಚರ್ಮದ ಮಾತ್ರೆ ತಾನೇ’ ಎಂದು ಹೇಳದೆ ಬಿಡುವುದುಂಟು.

ನೌಕರಿಗಾಗಿ ಮಾಡಿಸುವವರು ಒಂದು ಮಾತು ಕೇಳಲೇಬೇಕು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲ್ಯಾಸಿಕ್ ಮಾಡಿಸಿಕೊಂಡವರು ಅರ್ಹರಲ್ಲ ಎಂದು ನೇಮಕಾತಿ ಅಧಿಸೂಚನೆಯಲ್ಲೇ ಬರೆದಿರುತ್ತದೆ. ಆ ಪರೀಕ್ಷೆಗೆ ಓದುತ್ತ ಕೂತ ಹುಡುಗರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಕಣ್ಣು ಸರಿಮಾಡಿಸಿಕೊಂಡರೆ ಕೆಲಸ ಸಿಗುತ್ತದೆಂದು ಹೋಗಿ, ಅದರಿಂದಲೇ ಬಾಗಿಲು ಮುಚ್ಚಿಕೊಳ್ಳಬಾರದು. ಪೊಲೀಸ್, ಸೇನೆ, ಯಾವುದಕ್ಕಾದರೂ ಸರಿ, ಆ ಹುದ್ದೆಯ ವೈದ್ಯಕೀಯ ನಿಯಮದ ಪುಟ ಓದಿ ಆಮೇಲೆ ಮುಂಗಡ ಕಟ್ಟಿ.

ಕಾರ್ನಿಯಾ ಆದ ಮೇಲೆ ನೋಡಬೇಕಾದದ್ದು ಕಣ್ಣೀರು. ನಮ್ಮ ಸೀಮೆಯವರಿಗೆ ಇದು ಕಾರ್ನಿಯಾದಷ್ಟೇ ದೊಡ್ಡ ವಿಷಯ. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ, ಅದರ ಉಸಿರಾಟ ಹೆಚ್ಚಾಗಿ ಕಣ್ಣೀರಿನ ತೆಳುಪದರದ ಮೂಲಕ. ನರಗಳು ಮಾತ್ರ ವಿಪರೀತ. ಕಣ್ಣು ಒಣಗುತ್ತಿದೆ, ರೆಪ್ಪೆ ಬಡಿ, ನೀರು ಬಿಡು ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಆ ನರಗಳೇ. ಫ್ಲ್ಯಾಪ್ ಕತ್ತರಿಸುವಾಗ ಅವೂ ಕತ್ತರಿಸುತ್ತವೆ. ಮತ್ತೆ ಬೆಳೆಯಲು ಆರು ತಿಂಗಳಿಂದ ವರ್ಷ ಬೇಕು. ಅಲ್ಲಿಯವರೆಗೆ ಸುದ್ದಿ ಸರಿಯಾಗಿ ಹೋಗುವುದಿಲ್ಲ, ಕಣ್ಣು ಒಣಗುತ್ತದೆ. ಮೊದಲೇ ಒಣಗಿದ ಕಣ್ಣಾಗಿದ್ದರೆ ಈ ಕಾಲ ಬಹಳ ಕಷ್ಟದ್ದು. ಅದಕ್ಕೇ ಶಿರ್ಮರ್ ಪರೀಕ್ಷೆ ಮಾಡುತ್ತಾರೆ: ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಸರಿ, 5ಕ್ಕಿಂತ ಕಡಿಮೆಯಾದರೆ ಚೆನ್ನಾಗಿಯೇ ಒಣಗಿದೆ ಎಂದರ್ಥ. ರೆಪ್ಪೆಯ ಬುಡದಲ್ಲಿ ಹೊಟ್ಟು, ಜಿಗುಟು ಇದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆರಡು ಸಲ 5ರಿಂದ 10 ನಿಮಿಷ ಮುಚ್ಚಿದ ಕಣ್ಣಿನ ಮೇಲಿಟ್ಟು, ರೆಪ್ಪೆ ಒರೆಸಿ, ಕೆಲವು ವಾರ ಹದಮಾಡಿಕೊಂಡೇ ಹೋಗಬೇಕು. ಪಾಪೆ ದೊಡ್ಡದು ಮಾಡುವ ಹನಿ ಹಾಕಿ ರೆಟಿನಾ ನೋಡುವುದೂ ತಪ್ಪಬಾರದು. ಅಂದು ಕೆಲವು ಗಂಟೆ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಬೈಕ್ ತಂದಿರಬೇಡಿ.

ವಿಧಾನಗಳ ಬಗ್ಗೆ ಜಾಹೀರಾತು ನೋಡಿ ತೀರ್ಮಾನಿಸುವುದಕ್ಕಿಂತ ನಿಮ್ಮ ದುಡಿಮೆ ನೋಡಿ ತೀರ್ಮಾನಿಸುವುದು ಮೇಲು. ಲ್ಯಾಸಿಕ್‌ನಲ್ಲಿ ಮಾರನೇ ದಿನವೇ ಸ್ಪಷ್ಟ ಕಾಣುತ್ತದೆ, ನೋವು ಕಡಿಮೆ, ಆದರೆ ಫ್ಲ್ಯಾಪ್ ಎಂಬ ಮುಚ್ಚಳ ಜೀವನಪೂರ್ತಿ ಇರುತ್ತದೆ. ಜೋರು ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಸರಿಯಬಹುದು. ಕುಸ್ತಿ, ಕಬಡ್ಡಿ ಆಡುವವರು, ಗಣಿಯಲ್ಲಿ, ಗ್ಯಾರೇಜಿನಲ್ಲಿ ಮುಖಕ್ಕೆ ಪೆಟ್ಟು ಬೀಳುವಂಥ ಕೆಲಸ ಮಾಡುವವರು ಫ್ಲ್ಯಾಪ್ ಇಲ್ಲದ ವಿಧಾನ ಕೇಳಬೇಕು. ಪಿಆರ್‌ಕೆಯಲ್ಲಿ ಮೇಲ್ಚರ್ಮವನ್ನು ಸವರಿ ತೆಗೆದು ನೇರ ಮೇಲಿನಿಂದಲೇ ಲೇಸರ್ ಮಾಡುತ್ತಾರೆ, ನಾಲ್ಕೈದು ದಿನ ಬ್ಯಾಂಡೇಜ್ ಲೆನ್ಸ್ ಇಡುತ್ತಾರೆ. ಮೊದಲ ಎರಡು ಮೂರು ದಿನ ಒಳ್ಳೆಯ ನೋವು. ಮೂರನೆಯ ನಾಲ್ಕನೆಯ ದಿನ ನೋಟ ಮತ್ತಷ್ಟು ಮಂಜಾಗುತ್ತದೆ, ಸುತ್ತಲಿಂದ ಬೆಳೆದು ಬಂದ ಹೊಸ ಚರ್ಮ ನಡುವೆ ಕೂಡಿಕೊಳ್ಳುವ ಹೊತ್ತು ಅದು. ಹೆದರಬೇಡಿ. ಪೂರ್ತಿ ತಿಳಿಯಾಗಲು ವಾರಗಳು, ಕೆಲವರಿಗೆ 3 ತಿಂಗಳು ಬೇಕು. ಸ್ಮೈಲ್‌ನಲ್ಲಿ ಕಾರ್ನಿಯಾದ ಒಳಗೇ ಬಿಲ್ಲೆಯಂಥ ತುಣುಕು ಕತ್ತರಿಸಿ 2ರಿಂದ 4 ಮಿಲಿಮೀಟರ್ ಸೀಳಿನಿಂದ ಹೊರಗೆಳೆಯುತ್ತಾರೆ. ಕತ್ತರಿಸುವ ನರ ಕಡಿಮೆ. ಮುಂದೆ ನಂಬರ್ ಉಳಿದು ಮತ್ತೆ ತಿದ್ದಬೇಕಾದರೆ ಲ್ಯಾಸಿಕ್‌ನಷ್ಟು ಸುಲಭವಲ್ಲ.

ಯಾವ ತಿಂಗಳು ಒಳ್ಳೆಯದು? ಆಸ್ಪತ್ರೆಯವರು ಯಾವಾಗಾದರೂ ಸರಿ ಅನ್ನುತ್ತಾರೆ. ಅವರ ಕೋಣೆಯ ಒಳಗೆ ಅದು ನಿಜವೂ ಹೌದು. ಕಣ್ಣು ಮಾಯುವುದು ಮಾತ್ರ ನಿಮ್ಮ ಮನೆಯಲ್ಲಿ. ಏಪ್ರಿಲ್, ಮೇ ತಿಂಗಳ ರಣಬಿಸಿಲು ಬೇಡ. ಆಷಾಢದ ಗಾಳಿ ಬೇಡ, ರಸ್ತೆಯ ದೂಳೆಲ್ಲ ಮುಖಕ್ಕೆ ರಾಚುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪದಂಥ ಭತ್ತದ ಊರುಗಳವರು ನವೆಂಬರ್, ಡಿಸೆಂಬರಿನ ಕೊಯ್ಲನ್ನೂ ಬಿಡಬೇಕು. ಹಾಗಾಗಿ ಮಳೆ ಬಿದ್ದು ದೂಳು ಕುಳಿತ ಸೆಪ್ಟೆಂಬರ್, ಅಕ್ಟೋಬರ್ ಮೊದಲ ಆಯ್ಕೆಯಾಗಲಿ. ತಪ್ಪಿದರೆ ರಾಶಿ ಮುಗಿದ ಮೇಲೆ ಫೆಬ್ರುವರಿ.

ಭತ್ತದ ಮಾತು ಬಂದದ್ದಕ್ಕೆ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊಯ್ಲಿನಲ್ಲಿ, ರಾಶಿಯಲ್ಲಿ, ರೈಸ್ ಮಿಲ್ಲಿನಲ್ಲಿ ಭತ್ತದ ಹೊಟ್ಟು, ಎಲೆಯ ಅಂಚು ಕಣ್ಣಿಗೆ ಬಡಿದು ಆಗುವ ಸಣ್ಣ ಗೀರಿನಿಂದ ಬೂಷ್ಟಿನ ಸೋಂಕು ಒಳಹೊಕ್ಕು ಕಾರ್ನಿಯಾ ಹುಣ್ಣಾಗುತ್ತದೆ. ರೈತಾಪಿ ಜನರಲ್ಲಿ ಕಣ್ಣು ಹೋಗಲು ಇದೊಂದು ದೊಡ್ಡ ಕಾರಣ. ಲೇಸರ್ ಆದವರು ಕೆಲ ವಾರ, ಪಿಆರ್‌ಕೆ ಆದವರು ಒಂದೆರಡು ತಿಂಗಳು ಸ್ಟೀರಾಯ್ಡ್ ಹನಿ ಹಾಕುತ್ತಿರುತ್ತಾರೆ. ಸ್ಟೀರಾಯ್ಡ್ ಎಂದರೆ ಉರಿಯೂತ ತಗ್ಗಿಸುವುದರ ಜೊತೆಗೆ ಕಣ್ಣಿನ ಕಾವಲನ್ನೂ ತಗ್ಗಿಸುವ ಔಷಧ. ಬೂಷ್ಟಿಗೆ ಅದು ಹಬ್ಬ. ಆದ್ದರಿಂದ ಹನಿ ನಿಲ್ಲುವವರೆಗೆ ಕೊಯ್ಲಿನ ಯಂತ್ರದ ಹತ್ತಿರ, ಕಣದ ಹತ್ತಿರ, ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿರ ಹೋಗಬೇಡಿ. ಮನೆಯಲ್ಲಿ ‘ಒಂದು ಗಂಟೆ ನಿಂತು ಬಾ ಸಾಕು’ ಎಂದರೂ ಬೇಡ.

ಆಪರೇಷನ್‌ಗೆ ಎರಡು ದಿನ ಮೊದಲೇ ಕಟಿಂಗ್ ಮಾಡಿಸಿಬಿಡಿ. ಆಮೇಲೆ ವಾರಗಟ್ಟಲೆ ಕಣ್ಣಿಗೆ ಕೂದಲ ಚೂರು ಬೀಳುವ ಭಯ ಬೇಡ. ಹಿಂದಿನ ದಿನ ತಲೆಗೆ ಎರೆದುಕೊಳ್ಳಿ, ಎಣ್ಣೆ ಹಚ್ಚಬೇಡಿ. ಕಾಡಿಗೆ, ಐಲೈನರ್ ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಿ, ರೆಪ್ಪೆಯ ಬುಡದಲ್ಲಿ ಅಂಟಿದ ಕಾಡಿಗೆ ಒಂದೇ ತೊಳೆತಕ್ಕೆ ಹೋಗುವುದಿಲ್ಲ. ಸೆಂಟು, ಬಾಡಿ ಸ್ಪ್ರೇ, ಅತ್ತರು ಯಾವುದೂ ಬೇಡ. ಜೊತೆಗೆ ಬರುವವರೂ ಹಾಕಿಕೊಳ್ಳಬಾರದು. ಅದರ ಆವಿ ಲೇಸರ್ ಕಿರಣದ ದಾರಿಯಲ್ಲಿ ಸಿಕ್ಕರೆ ಕಿರಣದ ಶಕ್ತಿ ಏರುಪೇರಾಗುತ್ತದೆ. ಯಂತ್ರದ ಕೋಣೆಯಲ್ಲಿ ತಾಪಮಾನ, ತೇವ ಎರಡನ್ನೂ ಅಷ್ಟು ಜಾಗ್ರತೆಯಿಂದ ಕಾಯುವುದೂ ಇದಕ್ಕೇ, ಕಾರ್ನಿಯಾ ಹೆಚ್ಚು ಒಣಗಿದರೆ ಒಂದೇ ಹೊಡೆತಕ್ಕೆ ಹೆಚ್ಚು ಸವೆಯುತ್ತದೆ. ಮುಂದೆ ಗುಂಡಿ ಇರುವ ಅಂಗಿ ಹಾಕಿ, ತಲೆಯ ಮೇಲಿಂದ ಎಳೆದು ತೆಗೆಯುವ ಟೀ ಶರ್ಟ್ ಬೇಡ. ಹಗುರವಾಗಿ ಊಟ ಮಾಡಿ ಹೋಗಿ, ಬರೀ ಹೊಟ್ಟೆಯಲ್ಲಿ ತಲೆಸುತ್ತು ಬರುತ್ತದೆ.

ಮೇಜಿನ ಮೇಲೆ ಎರಡೂ ಕಣ್ಣು ಸೇರಿ ಕಾಲು ಗಂಟೆಯಿಂದ ಅರ್ಧ ಗಂಟೆ. ಮರಗಟ್ಟಿಸುವ ಹನಿ ಹಾಕುತ್ತಾರೆ, ಸೂಜಿ ಇಲ್ಲ. ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್. ಫ್ಲ್ಯಾಪ್ ಕತ್ತರಿಸುವಾಗ ಒಂದು ಉಂಗುರ ಕಣ್ಣನ್ನು ಹೀರಿ ಹಿಡಿಯುತ್ತದೆ, ಒತ್ತಿದಂತಾಗಿ ಕೆಲವು ಸೆಕೆಂಡು ಕತ್ತಲೆ ಕವಿಯಬಹುದು. ಇದು ಗೊತ್ತಿಲ್ಲದವರು ಗಾಬರಿಯಾಗಿ ತಲೆ ಎಳೆದುಕೊಳ್ಳುತ್ತಾರೆ, ಹಿಡಿತ ತಪ್ಪುತ್ತದೆ. ಮತ್ತೆ ಶುರು ಮಾಡಬೇಕು, ಇಲ್ಲವೇ ಮುಂದೂಡಬೇಕು. ಕತ್ತಲೆ ಬರುತ್ತದೆಂದು ಗೊತ್ತಿದ್ದರೆ ಅರ್ಧ ಭಯ ಹೋದಂತೆ. ಆಮೇಲೆ ಮಿನುಗುವ ಒಂದು ಬೆಳಕನ್ನು ನೋಡುತ್ತಿರಲು ಹೇಳುತ್ತಾರೆ. ಅದು ಮಸುಕಾದರೂ ಅದು ಇದ್ದ ಕಡೆಗೇ ನೋಡುತ್ತಿರಿ. ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಅದು ಆವಿಯಾದ ಅಂಗಾಂಶದ್ದು, ಬೆಂಕಿಯದ್ದಲ್ಲ. ಕಣ್ಣು ತುಸು ಅಲುಗಿದರೆ ಯಂತ್ರ ಹಿಂಬಾಲಿಸುತ್ತದೆ, ಜಾಸ್ತಿ ಅಲುಗಿದರೆ ತಾನೇ ನಿಲ್ಲುತ್ತದೆ.

ಕೊಪ್ಪಳದಿಂದ ಹುಬ್ಬಳ್ಳಿಗೆ ಹೋದವರು, ರಾಯಚೂರಿನಿಂದ ಹೈದರಾಬಾದಿಗೆ, ಬಳ್ಳಾರಿಯಿಂದ ಬೆಂಗಳೂರಿಗೆ ಹೋದವರು ಅದೇ ರಾತ್ರಿಯ ಬಸ್ಸಿಗೆ ವಾಪಸ್ ಬರಬೇಡಿ. ಮೊದಲ 4ರಿಂದ 6 ಗಂಟೆ ಕಣ್ಣಿನಲ್ಲಿ ಖಾರ ಬಿದ್ದಂತೆ ಉರಿ, ನೀರು. ಆಗ ಬೇಕಾದದ್ದು ಕತ್ತಲೆ ಕೋಣೆ, ನಿದ್ದೆ. ಮಾರನೇ ದಿನದ ಪರೀಕ್ಷೆಯಲ್ಲಿ ಫ್ಲ್ಯಾಪ್ ಸರಿದಿದೆಯೇ, ಮಡಿಕೆ ಬಿದ್ದಿದೆಯೇ ಎಂದು ನೋಡುತ್ತಾರೆ. ಅವತ್ತೇ ಕಂಡರೆ ಎತ್ತಿ ಸರಿಮಾಡುವುದು ಸುಲಭ, ವಾರ ಬಿಟ್ಟರೆ ಮಡಿಕೆ ಗಟ್ಟಿಯಾಗುತ್ತದೆ. ಫ್ಲ್ಯಾಪಿನ ಕೆಳಗೆ ಸೋಂಕಿಲ್ಲದೆಯೂ ಮರಳು ಹರಡಿದಂಥ ಉರಿಯೂತ ಮೊದಲ ಒಂದರಿಂದ ಮೂರು ದಿನದಲ್ಲೇ ಕಾಣಿಸಿಕೊಳ್ಳುವುದುಂಟು, ಅದಕ್ಕೂ ಬೇಗ ಔಷಧ ಹೆಚ್ಚಿಸಬೇಕು. ಒಂದು ರಾತ್ರಿಯ ಲಾಡ್ಜ್ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿದಿಡಿ. ವಾಪಸ್ ಬರುವಾಗ ಕಿಟಕಿ ಬೇಡ, ಎಸಿ ಬಸ್ಸಾದರೆ ತಲೆ ಮೇಲಿನ ಗಾಳಿಯ ಕಿಂಡಿ ಮುಚ್ಚಿ.

ಮುಂದಿನ ವಾರಗಳ ಮುಖ್ಯ ಕೆಲಸ ಹನಿ ಹಾಕುವುದು. ಸಾಮಾನ್ಯವಾಗಿ ಮೂರು ಬಾಟಲಿ: ಆಂಟಿಬಯಾಟಿಕ್ ದಿನಕ್ಕೆ 4 ಸಲ ಒಂದು ವಾರ, ಸ್ಟೀರಾಯ್ಡ್ ಮೊದಲು ಹೆಚ್ಚು ಆಮೇಲೆ ಇಳಿಸುತ್ತ, ಕೃತಕ ಕಣ್ಣೀರು ತಿಂಗಳುಗಟ್ಟಲೆ. ಕೈ ತೊಳೆದು ಮಲಗಿ. ಛಾವಣಿ ನೋಡುತ್ತ ಕೆಳರೆಪ್ಪೆಯನ್ನು ಬೆರಳಿನಿಂದ ತುಸು ಕೆಳಗೆಳೆದರೆ ಒಂದು ಸಣ್ಣ ಜೇಬಿನಂತಾಗುತ್ತದೆ, ಹನಿ ಅಲ್ಲಿಗೆ. ಮೇಲ್ರೆಪ್ಪೆ ಮುಟ್ಟಬೇಡಿ, ಅದರ ಕೆಳಗೇ ಫ್ಲ್ಯಾಪ್ ಇದೆ. ಬಾಟಲಿಯ ತುದಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಒಂದೇ ಹನಿ ಸಾಕು. ಕಣ್ಣು ಹಿಡಿಯುವುದು ಹೆಚ್ಚೆಂದರೆ ಅಷ್ಟನ್ನೇ, ಎರಡನೆಯದು ಕೆನ್ನೆಗೇ ಇಳಿಯುತ್ತದೆ. ಮೆಲ್ಲಗೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದಿಲ್ಲ. ಮುಂದಿನ ಬಾಟಲಿಗೆ 5 ನಿಮಿಷದ ಅಂತರ ಕೊಡಿ, ಇಲ್ಲದಿದ್ದರೆ ಎರಡನೆಯದು ಮೊದಲಿನದ್ದನ್ನು ತೊಳೆದುಬಿಡುತ್ತದೆ. ಹಾಲಿನಂತೆ ಬೆಳ್ಳಗಿರುವ ಸ್ಟೀರಾಯ್ಡ್ ಬಾಟಲಿಯನ್ನು ಚೆನ್ನಾಗಿ ಅಲುಗಿಸಿ, ಔಷಧ ತಳದಲ್ಲಿ ಕೂತಿರುತ್ತದೆ. ಕೃತಕ ಕಣ್ಣೀರು ಪ್ರಿಸರ್ವೇಟಿವ್ ಇಲ್ಲದ್ದೇ ಬೇಕೆಂದು ಕೇಳಿ, ದಿನಕ್ಕೆ ಆರು ಸಲ ತಿಂಗಳುಗಟ್ಟಲೆ ಹಾಕುವಾಗ ಆ ರಾಸಾಯನಿಕವೇ ಕಣ್ಣು ಕೆರಳಿಸುತ್ತದೆ. ಎಷ್ಟು ಬಿಸಿಯೊಳಗೆ ಇಡಬೇಕೆಂದು ಬಾಟಲಿಯ ಮೇಲೆ ಬರೆದಿರುತ್ತದೆ. ಬೇಸಿಗೆಯಲ್ಲಿ ನಮ್ಮ ತಗಡಿನ ಮನೆಗಳು, ಬೈಕಿನ ಡಿಕ್ಕಿ ಅದನ್ನು ಎಂದೋ ದಾಟಿರುತ್ತವೆ. ಬಾಟಲಿಯ ಮೇಲೆ ಬೇಡ ಎಂದಿರದಿದ್ದರೆ ಫ್ರಿಜ್ಜಿನ ಬಾಗಿಲಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಬಾಯಿ ತೆರೆದು ಒಂದು ತಿಂಗಳಾದ ಬಾಟಲಿ ಎಸೆಯಿರಿ.

ಸ್ಟೀರಾಯ್ಡ್ ಹನಿಯಿಂದ ಕಣ್ಣು ಬಿಳಿಯಾಗಿ, ಹಾಯಾಗಿ ಕಾಣುತ್ತದೆ. ಅದೇ ಅಪಾಯ. ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತಂದು ಹಾಕುವವರಿದ್ದಾರೆ. ಸದ್ದಿಲ್ಲದೆ ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುತ್ತದೆ. ಅದರ ಜೊತೆಗೆ ಹರಳೆಣ್ಣೆ, ಜೇನು, ಎದೆಹಾಲು, ನಂದಿಬಟ್ಟಲು ಹೂವಿನ ರಸ, ರೋಸ್ ವಾಟರ್ ಯಾವುದೂ ಬೇಡ. ಪ್ರೀತಿಯಿಂದ ಕೊಡುವ ಅಜ್ಜಿಗೆ ನೋವಾಗದಂತೆ ಹೇಳಿ, ಆದರೆ ಹಾಕಿಸಿಕೊಳ್ಳಬೇಡಿ.

ಒಂದು ವಾರ ಮಲಗುವಾಗ ಕಣ್ಣಿಗೆ ಪ್ಲಾಸ್ಟಿಕ್ ಕವಚ ಕಟ್ಟಬೇಕು. ನಿದ್ದೆಗಣ್ಣಿನಲ್ಲಿ ಉಜ್ಜುವುದು ನಿಮ್ಮ ಕೈಯಲ್ಲಿಲ್ಲ. ವಾರವಿಡೀ ನಲ್ಲಿ ನೀರು ಕಣ್ಣಿಗೆ ಬೀಳಬಾರದು, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ, ತಲೆಗೆ ಎರೆಯಬೇಕಾದರೆ ಹಿಂದಕ್ಕೆ ಬಾಗಿ ಇನ್ನೊಬ್ಬರಿಂದ ಎರೆಸಿಕೊಳ್ಳಿ. ಹೊಳೆ, ಬಾವಿ, ಈಜುಕೊಳ ಒಂದು ತಿಂಗಳು ಬೇಡ. ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು, ಮೆಣಸಿನಕಾಯಿ ಹುರಿದು ಖಾರ ಕುಟ್ಟುವುದು ಎರಡು ವಾರ ಬೇರೆಯವರು ಮಾಡಲಿ. ಹೆಲ್ಮೆಟ್ ಹಾಕುವಾಗ ಅದರ ಅಂಚು ಕಣ್ಣಿಗೆ ಒತ್ತುತ್ತದೆ, ಮೊದಲ ವಾರ ಬೈಕೇ ಬೇಡ. ಆಮೇಲೆ ಗಾಜು ಇಳಿಸಿಕೊಂಡೇ ಓಡಿಸಿ. ಹೊರಗೆ ಹೋಗುವಾಗ ಪಕ್ಕದಿಂದಲೂ ಮುಚ್ಚುವ, ಯುವಿ 400 ಎಂದಿರುವ ಕಪ್ಪು ಕನ್ನಡಕ ಬೇಕು. ಪಿಆರ್‌ಕೆ ಆದವರಿಗೆ ಇದು ಕೆಲವು ತಿಂಗಳು ಕಡ್ಡಾಯ, ಬಿಸಿಲಿನ ನೇರಳಾತೀತ ಕಿರಣದಿಂದ ಕಾರ್ನಿಯಾದಲ್ಲಿ ಮಬ್ಬು ಕಟ್ಟುತ್ತದೆ. ಜಾತ್ರೆಯಲ್ಲಿ ಸಿಗುವ ಬರೀ ಬಣ್ಣದ ಕನ್ನಡಕದ ಹಿಂದೆ ಪಾಪೆ ಇನ್ನೂ ದೊಡ್ಡದಾಗಿ ತೆರೆದು ಹೆಚ್ಚು ಕಿರಣ ಒಳಬಿಡುತ್ತದೆ.

ನಮ್ಮ ಮನೆಗಳ ಕೂಲರ್ ಬಗ್ಗೆ ಯಾವ ಆಸ್ಪತ್ರೆಯ ಚೀಟಿಯಲ್ಲೂ ಬರೆದಿರುವುದಿಲ್ಲ. ಮುಖಕ್ಕೆ ನೇರ ಗಾಳಿ ಬಿಟ್ಟುಕೊಂಡು ಮಲಗಿದರೆ ಬೆಳಿಗ್ಗೆ ರೆಪ್ಪೆ ಕಾರ್ನಿಯಾಕ್ಕೆ ಅಂಟಿಕೊಂಡಂತಾಗಿ, ತೆರೆಯುವಾಗ ಚುಚ್ಚುತ್ತದೆ. ಕೂಲರನ್ನು ಕಾಲಿನ ಕಡೆ ಇಡಿ, ಅದರ ಹುಲ್ಲಿನ ಪ್ಯಾಡ್ ಮೊದಲೇ ಬದಲಿಸಿ, ಹಳೆಯ ಪ್ಯಾಡಿನಲ್ಲಿ ದೂಳೂ ಬೂಷ್ಟೂ ತುಂಬಿರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಕಣ್ಣು ಪೂರ್ತಿ ತೆರೆಯುವ ಮೊದಲೇ ಒಂದು ಹನಿ ಕೃತಕ ಕಣ್ಣೀರು ಬಿಡಿ. ಮೊಬೈಲು ನೋಡುವಾಗ ರೆಪ್ಪೆ ಬಡಿಯುವುದೇ ಮರೆತುಹೋಗುತ್ತದೆ. 20 ನಿಮಿಷಕ್ಕೊಮ್ಮೆ ದೂರದ ಮರವನ್ನೋ ಗೋಡೆಯನ್ನೋ ನೋಡಿ, ಬೇಕೆಂದೇ ಹತ್ತು ಸಲ ರೆಪ್ಪೆ ಮುಚ್ಚಿ ತೆರೆಯಿರಿ.

ಮೊದಲ ದಿನದ ಉರಿ ಇಳಿದ ಮೇಲೆ ನೋವು ಮತ್ತೆ ಏರಿದರೆ, ಕಣ್ಣು ಕೆಂಪಾಗಿ ಪಿಸುರು ಬಂದರೆ, ಕಾಣುತ್ತಿದ್ದದ್ದು ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಪೆಟ್ಟು ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ. ಅವರು ದೂರವಿದ್ದರೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿನ ಕಣ್ಣಿನ ವಿಭಾಗಕ್ಕೆ ಮೊದಲು ತೋರಿಸಿ. ಏನು ಆಪರೇಷನ್, ಯಾವ ದಿನ, ಯಾವ ಹನಿ ಎಂಬ ಚೀಟಿ ಜೇಬಿನಲ್ಲಿರಲಿ.

ನಲವತ್ತರ ಆಸುಪಾಸಿನಲ್ಲಿ ಮಾಡಿಸುವವರು ಒಂದು ತಿಳಿದಿರಬೇಕು. ಈ ಕಡೆ ಚಸ್ಮಾಕ್ಕೆ ‘ಚಾಳೀಸು’ ಎಂಬ ಹೆಸರು ಬಂದದ್ದೇ ನಲವತ್ತರಿಂದ. ಓದುವ ಕನ್ನಡಕ ಬೇಕಾಗುವುದು ಕಣ್ಣೊಳಗಿನ ಮಸೂರ ಬಿಗಿಯಾಗುವುದರಿಂದ, ಕಾರ್ನಿಯಾಕ್ಕೆ ಲೇಸರ್ ಮಾಡಿದರೆ ಅದು ತಪ್ಪುವುದಿಲ್ಲ. ಮೈನಸ್ 2, 3 ಇರುವವರು ಇವತ್ತು ಕನ್ನಡಕ ತೆಗೆದು ಹತ್ತಿರದ್ದನ್ನು ಓದುತ್ತಾರೆ, ನಂಬರ್ ಹೋದ ಮೇಲೆ ಅವರಿಗೂ ಚಾಳೀಸು ಬೇಕು.

ಉದ್ದನೆಯ ಕಣ್ಣುಗುಡ್ಡೆ ಹಾಗೇ ಉಳಿಯುತ್ತದೆ ಎಂದಿದ್ದೆವಲ್ಲ. ನಂಬರ್ ಹೋದರೂ ಅದರ ರೆಟಿನಾ ತೆಳುವೇ. ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಬೇಕು. ಮಿಂಚು ಹೊಡೆದಂತೆ ಕಂಡರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಮಳೆಯಂತೆ ಸುರಿದರೆ, ಪರದೆ ಇಳಿದಂತಾದರೆ ಅವತ್ತೇ ಓಡಬೇಕು. ಕಣ್ಣಿನ ಒತ್ತಡ ಅಳೆಯುವವರಿಗೂ ಲೇಸರ್ ಆಗಿದೆ ಎಂದು ಹೇಳಿ. ಕಾರ್ನಿಯಾ ತೆಳುವಾದ್ದರಿಂದ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಒತ್ತಡದಿಂದ ಕಣ್ಣಿನ ನರ ಹಾಳಾಗುವ ಗ್ಲಾಕೊಮಾ ಗೊತ್ತಾಗದೇ ಹೋಗುತ್ತದೆ.

ಕೊನೆಗೆ ಕಾಗದ. ಆಪರೇಷನ್‌ಗೆ ಮೊದಲಿನ ನಂಬರ್, ಕಾರ್ನಿಯಾದ ಡೊಂಕಿನ ಅಳತೆ, ದಪ್ಪ, ನಕ್ಷೆಯ ಬಣ್ಣದ ಪ್ರಿಂಟ್, ಫ್ಲ್ಯಾಪ್ ಎಷ್ಟು, ಎಷ್ಟು ಮೈಕ್ರಾನ್ ತೆಗೆದರು, ಎಷ್ಟು ಉಳಿಯಿತು, ಇಷ್ಟನ್ನೂ ಕೇಳಿ ಪಡೆಯಿರಿ. ಅರವತ್ತರಲ್ಲಿ ಕಣ್ಣಿಗೆ ಪೊರೆ ಬಂದಾಗ ಒಳಗಿಡುವ ಲೆನ್ಸಿನ ಪವರ್ ಲೆಕ್ಕ ಹಾಕುವುದು ಕಾರ್ನಿಯಾದ ಡೊಂಕಿನ ಮೇಲೆ. ಲೇಸರ್ ಆದ ಕಾರ್ನಿಯಾದಲ್ಲಿ ಮಾಮೂಲಿ ಸೂತ್ರ ತಪ್ಪುತ್ತದೆ, ಆಗ ಈ ಹಳೆಯ ಅಂಕಿಗಳು ಕೈ ಹಿಡಿಯುತ್ತವೆ. ಅಷ್ಟು ವರ್ಷ ಆಸ್ಪತ್ರೆ ನಿಮ್ಮ ಫೈಲ್ ಇಟ್ಟುಕೊಂಡಿರುತ್ತದೆಂದು ನಂಬಿ ಕೂರಬೇಡಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟು, ಕಾಗದವನ್ನು ಹೊಲದ ಪಹಣಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟ ಟ್ರಂಕಿನಲ್ಲೇ ಇಡಿ. ಅದು ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.